ಟ್ಯೂಬ್ ಹಾಕುವ ಮೊದಲು ಹೃದಯದ ಸ್ಕ್ಯಾನ್ ಯಾಕೆ?

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ಹೋದ ತಿಂಗಳು ನ್ಯುಮೋನಿಯಾ ಜೋರಾಗಿ ಐಸಿಯುಗೆ ಸೇರಿಸಿದ್ದೆವು. ಎರಡನೆಯ ರಾತ್ರಿ ಉಸಿರಾಟ ತೀರಾ ಕಷ್ಟವಾಯಿತು. ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಬೇಕು, ಸಹಿ ಮಾಡಿ ಅಂದರು. ಮಾಡಿದೆ. ಆದರೆ ಗಾಜಿನಾಚೆಯಿಂದ ನೋಡಿದರೆ, ಟ್ಯೂಬ್ ಹಾಕುವ ಬದಲು ಡಾಕ್ಟರು ಒಂದು ಸ್ಕ್ಯಾನಿಂಗ್ ಮೆಷಿನ್ ತಳ್ಳಿಕೊಂಡು ಬಂದು ಅಪ್ಪನ ಎದೆಗೆ ಜೆಲ್ ಹಚ್ಚಿ ನೋಡುತ್ತಾ ನಿಂತಿದ್ದರು. ಅಪ್ಪ ಏದುಸಿರು ಬಿಡುತ್ತಿದ್ದರು. ನನಗೆ ಬಾಗಿಲು ಬಡಿಯಬೇಕು ಅನ್ನಿಸಿತು. ಎರಡು ತಿಂಗಳ ಹಿಂದಷ್ಟೇ ಎಕೋ ಮಾಡಿಸಿದ್ದೆವು, 'ಇಎಫ್ 60, ನಾರ್ಮಲ್' ಅಂತ ರಿಪೋರ್ಟ್ ಇತ್ತು. ಮತ್ತೆ ಯಾಕೆ? ಅಷ್ಟೆಲ್ಲಾ ನೋಡಿದ ಮೇಲೂ ಟ್ಯೂಬ್ ಹಾಕಿದ ಕೂಡಲೇ ಬಿಪಿ 70ಕ್ಕೆ ಇಳಿಯಿತಂತೆ. ಹಾಗಾದರೆ ಆ ಸ್ಕ್ಯಾನ್‌ನಿಂದ ಏನು ಬಂತು? ಅಪ್ಪ ಆರನೆಯ ದಿನ ವೆಂಟಿಲೇಟರ್‌ನಿಂದ ಹೊರಬಂದರು, ಈಗ ಮನೆಯಲ್ಲಿದ್ದಾರೆ. ದೂರು ಕೊಡಲು ಕೇಳುತ್ತಿಲ್ಲ, ಅರ್ಥ ಮಾಡಿಕೊಳ್ಳಬೇಕು ಅಷ್ಟೇ. ಡಿಸ್ಚಾರ್ಜ್ ಸಮರಿ, ಆ ರಾತ್ರಿಯ ಚಾರ್ಟ್, ಹಳೆಯ ಎಕೋ ರಿಪೋರ್ಟ್ ಜೊತೆಗೆ ಕಳಿಸಿದ್ದೇನೆ.

ಉತ್ತರ: ಅಪ್ಪ ಮನೆಗೆ ಬಂದಿದ್ದಾರೆ ಅನ್ನುವ ಸಾಲನ್ನು ಮೊದಲು ಓದಿದೆ, ಆಮೇಲೆ ಉಳಿದದ್ದು. ಬಾಗಿಲು ಬಡಿಯಬೇಕು ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಉಸಿರಿಗೆ ಒದ್ದಾಡುತ್ತಿರುವವರ ಪಕ್ಕದಲ್ಲಿ ಒಬ್ಬರು ಪರದೆ ನೋಡುತ್ತಾ ನಿಂತರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ನೀವು ಕಳಿಸಿದ ಸಮರಿಯ ಎರಡನೆಯ ಪುಟದಲ್ಲಿ ಒಂದೂವರೆ ಸಾಲಿದೆ, ನಿಮ್ಮ ಪ್ರಶ್ನೆಗೆಲ್ಲ ಉತ್ತರ ಅಲ್ಲೇ ಇದೆ. ಬೆಡ್ ಪಕ್ಕದ ಎಕೋದಲ್ಲಿ ಹೃದಯದ ಎಡ ಕೋಣೆ ಚಿಕ್ಕದಾಗಿದೆ, ಜೋರಾಗಿ ಹಿಂಡುತ್ತಿದೆ. ಬಲ ಕೋಣೆ ಸ್ವಲ್ಪ ಹಿಗ್ಗಿದೆ. ಹೃದಯದ ಸುತ್ತ ನೀರಿಲ್ಲ. ನಿದ್ರೆಯ ಮದ್ದು ಕೊಡುವ ಮೊದಲೇ ನಾರ್‌ಅಡ್ರಿನಲಿನ್ (ರಕ್ತನಾಳ ಬಿಗಿಸಿ ಬಿಪಿ ಎತ್ತುವ ಮದ್ದು) ಶುರು ಮಾಡಲಾಗಿದೆ. ಇಷ್ಟೇ ಬರೆದಿದ್ದಾರೆ. ಈ ಒಂದೂವರೆ ಸಾಲನ್ನೇ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಟ್ಯೂಬ್ ಹಾಕುವುದೆಂದರೆ ಗಂಟಲಿನ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ವರ್ಷ ನಾವು ವೈದ್ಯರೂ ಹಾಗೇ ಅಂದುಕೊಂಡಿದ್ದೆವು. ಬಾಯಿ ಎಷ್ಟು ತೆರೆಯುತ್ತದೆ, ಕುತ್ತಿಗೆ ಎಷ್ಟು ಹಿಂದಕ್ಕೆ ಬಾಗುತ್ತದೆ, ಗದ್ದ ಚಿಕ್ಕದೇ, ಹಲ್ಲು ಅಲ್ಲಾಡುತ್ತಿದೆಯೇ, ಇವೇ ನಾವು ಕಲಿತ ಪರೀಕ್ಷೆಗಳು. ಆಪರೇಷನ್ ಥಿಯೇಟರ್‌ನಲ್ಲಿ ಅಷ್ಟು ಸಾಕಾಗುತ್ತದೆ. ಅಲ್ಲಿಗೆ ಬರುವವರ ಹೃದಯ, ಶ್ವಾಸಕೋಶ ಬಹುತೇಕ ಸುಸ್ಥಿತಿಯಲ್ಲಿರುತ್ತವೆ. ಐಸಿಯುನಲ್ಲಿ ಟ್ಯೂಬ್ ಬೇಕಾಗುವವರ ಮೈ ಮೊದಲೇ ಅಂಚಿನಲ್ಲಿರುತ್ತದೆ. ಇನ್‌ಟ್ಯೂಬ್ ಅನ್ನುವ ಹೆಸರಿನ ಅಧ್ಯಯನವೊಂದು 29 ದೇಶಗಳ 197 ಕಡೆಗಳಲ್ಲಿ ಹೀಗೆ ಟ್ಯೂಬ್ ಹಾಕಿಸಿಕೊಂಡ 2964 ಮಂದಿಯನ್ನು ಗಮನಿಸಿ 2021ರಲ್ಲಿ ಪ್ರಕಟವಾಯಿತು. ಅರ್ಧ ಗಂಟೆಯೊಳಗೆ ಏನಾದರೊಂದು ದೊಡ್ಡ ತೊಂದರೆ ಆದವರು ಶೇ 45.2. ಒಟ್ಟು ಮಂದಿಯಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಬಿದ್ದದ್ದು ಶೇ 9.3 ಮಂದಿಗೆ, ರಕ್ತಪರಿಚಲನೆ ಕುಸಿದದ್ದು ಶೇ 42.6 ಮಂದಿಗೆ. ಶೇ 3.1 ಮಂದಿಗೆ ಹೃದಯವೇ ನಿಂತಿತು. ಈ ಅಂಕಿಗಳನ್ನು ಮೊದಲ ಸಲ ನೋಡಿದಾಗ ನಮ್ಮ ವೃತ್ತಿಯವರಿಗೆ ಮುಜುಗರವೇ ಆಯಿತು. ನಾವು ಗಂಟಲು ನೋಡುತ್ತಾ ಕೂತಿದ್ದೆವು, ಪೆಟ್ಟು ಬೀಳುತ್ತಿದ್ದದ್ದು ಎದೆಗೆ.

ಯಾಕೆ ಬೀಳುತ್ತದೆ? ಏದುಸಿರು ಬಿಡುವಾಗ ಎದೆ ತಿದಿಯ ಹಾಗೆ ಕೆಲಸ ಮಾಡುತ್ತಿರುತ್ತದೆ. ಪ್ರತಿ ಉಸಿರಿಗೂ ಎದೆಯೊಳಗಿನ ಒತ್ತಡ ಇಳಿದು, ಗಾಳಿಯ ಜೊತೆ ಹೊಟ್ಟೆ ಕಾಲುಗಳಿಂದ ರಕ್ತವೂ ಹೃದಯದ ಕಡೆಗೆ ಎಳೆದುಕೊಂಡು ಬರುತ್ತದೆ. ಭಯ, ಸಂಕಟ, ಏರಿದ ಇಂಗಾಲದ ಡೈಆಕ್ಸೈಡ್ ಎಲ್ಲ ಸೇರಿ ಮೈ ತುಂಬ ಅಡ್ರಿನಲಿನ್ ಹರಿಯುತ್ತಿರುತ್ತದೆ. ರಕ್ತನಾಳಗಳು ಬಿಗಿಹಿಡಿದು ನಿಂತಿರುತ್ತವೆ. ಮಾನಿಟರ್‌ನಲ್ಲಿ ಬಿಪಿ 130 ಅಂತ ಕಾಣುತ್ತದೆ, ನೋಡಿದವರಿಗೆ ಪರವಾಗಿಲ್ಲ ಅನ್ನಿಸುತ್ತದೆ. ಅದು ಸಾಲ ಮಾಡಿ ತೋರಿಸುವ ಶ್ರೀಮಂತಿಕೆ.

ಈಗ ನಾವು ನಿದ್ರೆಯ ಮದ್ದು ಕೊಡುತ್ತೇವೆ. ಸಂಕಟ ಹೋಯಿತು, ಅದರ ಜೊತೆ ಅಡ್ರಿನಲಿನ್ ಕೂಡ ಹೋಯಿತು, ನಾಳಗಳು ಸಡಿಲವಾದವು. ಸ್ನಾಯು ಸಡಿಲಿಸುವ ಮದ್ದು ಕೊಡುತ್ತೇವೆ, ತಿದಿ ನಿಂತಿತು. ಟ್ಯೂಬ್ ಹಾಕುವಷ್ಟು ಹೊತ್ತು ಉಸಿರಿಲ್ಲ. ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ, ಇವೆರಡೂ ಶ್ವಾಸಕೋಶದ ರಕ್ತನಾಳಗಳನ್ನು ಹಿಸುಕುತ್ತವೆ. ಕೊನೆಗೆ ವೆಂಟಿಲೇಟರ್ ಜೋಡಿಸಿದಾಗ ಗಾಳಿ ಒಳಕ್ಕೆ ಎಳೆದುಕೊಂಡು ಬರುವುದಿಲ್ಲ, ತಳ್ಳಿಸಿಕೊಂಡು ಬರುತ್ತದೆ. ಎದೆಯೊಳಗಿನ ಒತ್ತಡ ಉಲ್ಟಾ ಆಗುತ್ತದೆ. ಕಾಲಿನಿಂದ ಮೇಲೆ ಬರಬೇಕಾದ ರಕ್ತ ಬಾಗಿಲಲ್ಲೇ ನಿಲ್ಲುತ್ತದೆ. ಇದೆಲ್ಲ ಒಂದೆರಡು ನಿಮಿಷದೊಳಗೆ ಒಂದರ ಮೇಲೊಂದು ಬೀಳುವ ಏಟುಗಳು. ಗಟ್ಟಿ ಹೃದಯ ತಡೆದುಕೊಳ್ಳುತ್ತದೆ. ಯಾವ ಹೃದಯ ಎಲ್ಲಿ ತಡೆದುಕೊಳ್ಳಲಾರದು ಅನ್ನುವುದನ್ನು ಮುಂಚೆಯೇ ನೋಡಿಕೊಳ್ಳಲು ಆ ಸ್ಕ್ಯಾನ್.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ತರಬೇತಿ ಮುಗಿಸಿದ ಹೊಸತರಲ್ಲಿ ನಲವತ್ತರ ಆಸುಪಾಸಿನ ಒಬ್ಬರು ರಾತ್ರಿ ಪಾಳಿಯಲ್ಲಿ ಬಂದರು. ನಾಲ್ಕು ದಿನದಿಂದ ಒಂದು ಕಾಲು ಊತ, ಆ ದಿನ ಸಂಜೆಯಿಂದ ಉಸಿರಾಟದ ತೊಂದರೆ. ಬಿಪಿ 100, ನಾಡಿ 130, ಮಾಸ್ಕ್ ಹಾಕಿದರೂ ಆಮ್ಲಜನಕ ಏರುತ್ತಿಲ್ಲ. ಎಕೋ ಮೆಷಿನ್ ಎರಡು ಮಹಡಿ ಕೆಳಗೆ ಬೀಗ ಹಾಕಿದ ಕೋಣೆಯಲ್ಲಿತ್ತು. ಬೆಳಿಗ್ಗೆ ನೋಡಿದರಾಯಿತು ಅಂದುಕೊಂಡೆ. ಟ್ಯೂಬ್ ಮೊದಲ ಯತ್ನದಲ್ಲೇ, ಇಪ್ಪತ್ತು ಸೆಕೆಂಡಿನಲ್ಲಿ ಹೋಯಿತು. ಪಕ್ಕದಲ್ಲಿದ್ದ ನರ್ಸ್ 'ಚೆನ್ನಾಗಿ ಹೋಯ್ತು ಡಾಕ್ಟ್ರೇ' ಅಂದರು. ಅವರು ಟ್ಯೂಬ್ ಕಟ್ಟುವ ಟೇಪ್ ಹರಿಯುತ್ತಿದ್ದಾಗಲೇ ಮಾನಿಟರ್‌ನ ಗೆರೆ ಸಣ್ಣದಾಗುತ್ತಾ ಬಂತು. ನಾಡಿ ಸಿಗಲಿಲ್ಲ. ಎದೆ ಒತ್ತಲು ಶುರು ಮಾಡಿದೆವು. ಯಾರೋ ಓಡಿಹೋಗಿ ಮೆಷಿನ್ ತಂದರು. ಪರದೆಯ ಮೇಲೆ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಬಲಗಡೆಯ ಕೋಣೆ ಚೆಂಡಿನ ಹಾಗೆ ಊದಿ, ಎಡಗಡೆಯದನ್ನು ಮೂಲೆಗೊತ್ತಿ ಸೀಳಿನಷ್ಟು ಮಾಡಿಬಿಟ್ಟಿತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶದ ನಾಳಕ್ಕೆ ಬಂದು ಕೂತಿತ್ತು. ಆ ಹೃದಯ ಅಲ್ಲಿಯವರೆಗೆ ಬರಿಯ ಹಟದ ಮೇಲೆ ನಡೆಯುತ್ತಿತ್ತು, ಆ ಹಟವನ್ನು ನನ್ನ ಮದ್ದು ಮುರಿಯಿತು. ಅವರು ಉಳಿಯಲಿಲ್ಲ. ಟ್ಯೂಬ್ ಹಾಕುವ ಮೊದಲು ಆ ಚಿತ್ರ ನೋಡಿದ್ದರೆ ನಾನು ಆ ಹೊತ್ತಿಗೆ ಟ್ಯೂಬನ್ನೇ ಹಾಕುತ್ತಿರಲಿಲ್ಲ. ಹೆಪ್ಪು ಕರಗಿಸುವ ಮದ್ದು ಮೊದಲು ಹೋಗುತ್ತಿತ್ತು.

ಹಾಗಾಗಿ ಬಲಗಡೆಯ ಕೋಣೆಯ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೇಳುತ್ತೇನೆ.

ಆ ರಾತ್ರಿ ನಿಮ್ಮ ತಂದೆಯವರ ಪಕ್ಕ ನಡೆದದ್ದು ಹೀಗಿರಬೇಕು. ಎಕೋ ಕೋಣೆಯಲ್ಲಿ ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ದೀಪ ಆರಿಸಿ, ಅರ್ಧ ಗಂಟೆ ಕೂತು ಅಳೆಯುತ್ತಾರೆ. ಇಲ್ಲಿ ಅದೆಲ್ಲ ಆಗದ ಮಾತು. ಏದುಸಿರಿನವರನ್ನು ಅಂಗಾತ ಮಲಗಿಸಿದರೆ ಅಲ್ಲೇ ಕುಸಿಯುತ್ತಾರೆ, ಬೆಡ್‌ನ ತಲೆಭಾಗ ಎತ್ತಿಯೇ ಇರಬೇಕು. ಮಾಸ್ಕ್‌ನಲ್ಲಿ ಆಮ್ಲಜನಕ ಹೋಗುತ್ತಲೇ ಇರುತ್ತದೆ. ಒಬ್ಬರು ಮದ್ದು ಸಿರಿಂಜಿಗೆ ಎಳೆದು ಲೇಬಲ್ ಹಚ್ಚುತ್ತಿರುತ್ತಾರೆ, ಇನ್ನೊಬ್ಬರು ಕಫ ಹೀರುವ ಸಕ್ಷನ್ ಕೆಲಸ ಮಾಡುತ್ತಿದೆಯೇ ನೋಡುತ್ತಿರುತ್ತಾರೆ. ಹೇಗೂ ಬೇಕಾದ ಈ ತಯಾರಿಯ ಹೊತ್ತಿನಲ್ಲೇ ಸ್ಕ್ಯಾನ್ ನಡೆಯುತ್ತದೆ. ಗಾಜಿನಾಚೆ ನಿಂತವರಿಗೆ ಪರದೆ ನೋಡುವವರೊಬ್ಬರೇ ಕಾಣುತ್ತಾರೆ.

ಪ್ರೋಬನ್ನು, ಅಂದರೆ ಮೈಗೆ ಒತ್ತಿ ಹಿಡಿಯುವ ಸ್ಕ್ಯಾನ್‌ನ ಹಿಡಿಕೆಯನ್ನು, ಮೊದಲು ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಗುಳಿಯಲ್ಲಿ, ಹೆಚ್ಚುಕಡಿಮೆ ಮಲಗಿಸಿದಂತೆ ಹಿಡಿದು ಎಡ ಭುಜದ ಕಡೆ ತೋರಿಸುತ್ತೇವೆ. ಶ್ವಾಸಕೋಶ ಎಷ್ಟು ಊದಿಕೊಂಡಿದ್ದರೂ ಅಲ್ಲಿಂದ ಪಿತ್ತಜನಕಾಂಗದ ಮೂಲಕ ಹೃದಯ ಕಾಣುವ ಸಾಧ್ಯತೆ ಹೆಚ್ಚು. ಅಲ್ಲೇ ಪ್ರೋಬನ್ನು ಕಾಲುಭಾಗ ತಿರುಗಿಸಿದರೆ ಹೊಟ್ಟೆಯಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿ ಉದ್ದಕ್ಕೆ ಕಾಣುತ್ತದೆ. ಆಮೇಲೆ ಎದೆಮೂಳೆಯ ಎಡ ಅಂಚಿನಲ್ಲಿ ಪಕ್ಕೆಲುಬಿನ ಸಂದಿಯಿಂದ ಒಂದು ನೋಟ, ಸಾಧ್ಯವಾದರೆ ಹೃದಯದ ತುದಿಯಿಂದ ಇನ್ನೊಂದು. ಅಳತೆ ಹಿಡಿಯುವುದಕ್ಕೆ ಪುರುಸೊತ್ತಿಲ್ಲ, ಕಣ್ಣಳತೆಯೇ. ನಾಲ್ಕಾರು ಬಡಿತ ನೋಡಿದರೆ ಒರಟು ಉತ್ತರ ಸಿಗುತ್ತದೆ, ಆ ಹೊತ್ತಿಗೆ ಒರಟು ಉತ್ತರವೇ ಬೇಕಾದದ್ದು.

ನಾನು ಮೊದಲು ಹುಡುಕುವುದು ಹೃದಯದ ಸುತ್ತಲಿನ ನೀರು. ಹೃದಯ ಒಂದು ತೆಳು ಚೀಲದೊಳಗೆ ಇರುತ್ತದೆ. ಆ ಚೀಲದಲ್ಲಿ ನೀರೋ ರಕ್ತವೋ ತುಂಬಿದರೆ ಪರದೆಯಲ್ಲಿ ಹೃದಯದ ಸುತ್ತ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ತುಂಬಿದರೆ ಒಂದು ಲೀಟರ್ ಇದ್ದರೂ ಮನುಷ್ಯ ಓಡಾಡಿಕೊಂಡಿರಬಹುದು. ದಿಢೀರನೆ ತುಂಬಿದರೆ 150-200 ಮಿಲಿಲೀಟರ್ ಸಾಕು ಪ್ರಾಣ ತೆಗೆಯಲು. ಆದ್ದರಿಂದ ನೀರು ಎಷ್ಟಿದೆ ಅನ್ನುವುದಕ್ಕಿಂತ ಬಲಗಡೆಯ ಕೋಣೆಗಳ ಗೋಡೆ ಒಳಕ್ಕೆ ಕುಸಿಯುತ್ತಿದೆಯೇ ಅನ್ನುವುದು ನೋಡಬೇಕಾದ ಸಂಗತಿ. ಕುಸಿಯುತ್ತಿದ್ದರೆ, ಅಂಥವರಿಗೆ ನಿದ್ರೆ ಮದ್ದು ಕೊಟ್ಟು ಗಾಳಿ ತಳ್ಳುವುದು ಸಾವನ್ನು ಕೈಯಾರೆ ಕರೆದಂತೆ. ಅವರು ಎಚ್ಚರವಾಗಿ, ಸ್ವಂತ ಉಸಿರಿನಲ್ಲಿ ಕೂತಿರುವಾಗಲೇ ಚರ್ಮಕ್ಕಷ್ಟೇ ಮರಗಟ್ಟಿಸಿ ಸೂಜಿಯಿಂದ ನೀರು ತೆಗೆಯಬೇಕು. ಎಷ್ಟೋ ಸಲ ಐವತ್ತು ಮಿಲಿಲೀಟರ್ ತೆಗೆದದ್ದೇ ಬಿಪಿ ಎದ್ದು ಕೂರುತ್ತದೆ, ಟ್ಯೂಬ್‌ನ ಮಾತೇ ಬಿಟ್ಟುಹೋಗುತ್ತದೆ. ಎರಡು ನಿಮಿಷದ ನೋಟದಿಂದ ಇಡೀ ಯೋಜನೆ ತಲೆಕೆಳಗಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯದು ಬಲಗಡೆಯ ಕೋಣೆ. ಇದು ಶ್ವಾಸಕೋಶಕ್ಕೆ ಮಾತ್ರ ರಕ್ತ ಕಳಿಸುವ ಪಂಪ್, ತೆಳು ಗೋಡೆಯದು. ಎಡಗಡೆಯದು 120ರ ಒತ್ತಡಕ್ಕೆ ಕಟ್ಟಿದ್ದಾದರೆ ಇದು 25ರ ಒತ್ತಡಕ್ಕೆ ಕಟ್ಟಿದ್ದು. ಹೆಚ್ಚು ರಕ್ತ ಬಂದರೆ ಹಿಗ್ಗಿಕೊಂಡು ಹೇಗೋ ನಿಭಾಯಿಸುತ್ತದೆ, ಎದುರಿನ ಒತ್ತಡ ಏರಿದರೆ ಸೋಲುತ್ತದೆ. ನಾಲ್ಕೂ ಕೋಣೆ ಕಾಣುವ ನೋಟದಲ್ಲಿ ಇದು ಎಡಗಡೆಯದರ ಮೂರರಲ್ಲಿ ಎರಡು ಪಾಲಿನಷ್ಟು ಇರಬೇಕು. ಎರಡೂ ಸಮವಾಗಿದ್ದರೆ ಎಚ್ಚರಿಕೆ. ಬಲವೇ ದೊಡ್ಡದಾಗಿದ್ದರೆ ಅಪಾಯ. ನಡುಗೋಡೆ ಎಡಕ್ಕೆ ಚಪ್ಪಟೆಯಾಗಿ, ದುಂಡಗಿರಬೇಕಾದ ಎಡ ಕೋಣೆ ಅರ್ಧಚಂದ್ರದಂತೆ ಕಂಡರೆ ಇನ್ನೂ ಅಪಾಯ. ಬಡಿತಬಡಿತಕ್ಕೂ ಬಲ ಕವಾಟದ ಉಂಗುರ ಕೆಳಗೆ ಜಾರುವುದನ್ನು ಅಳೆಯಬಹುದು, 17 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಪಂಪ್ ದಣಿದಿದೆ ಎಂದು ಲೆಕ್ಕ. ಗೋಡೆ 5 ಮಿಲಿಮೀಟರ್‌ಗಿಂತ ದಪ್ಪಗಿದ್ದರೆ ಈ ತೊಂದರೆ ನಿನ್ನೆಯದಲ್ಲ, ಬಹುಕಾಲದ್ದು.

ಈ ಕೋಣೆ ಸೋಲುವ ರೀತಿಯೂ ಕ್ರೂರ. ಬಿಪಿ ಇಳಿದರೆ ಅದರ ಗೋಡೆಗೇ ರಕ್ತ ಸಾಲುವುದಿಲ್ಲ. ರಕ್ತ ಸಾಲದೆ ಇನ್ನಷ್ಟು ದುರ್ಬಲವಾಗುತ್ತದೆ. ದುರ್ಬಲವಾಗಿ ಇನ್ನಷ್ಟು ಊದುತ್ತದೆ. ಊದಿ ಎಡಗಡೆಯದನ್ನು ಒತ್ತುತ್ತದೆ. ಬಿಪಿ ಮತ್ತೆ ಇಳಿಯುತ್ತದೆ. ಒಮ್ಮೆ ಈ ಸುಳಿ ಶುರುವಾದರೆ ಹಿಡಿದು ನಿಲ್ಲಿಸುವುದು ಬಲು ಕಷ್ಟ. ಬಿಪಿ ಬಿದ್ದಿತೆಂದು ಬಾಟಲಿ ಬಾಟಲಿ ಸಲೈನ್ ಸುರಿದರೆ ಊದಿದ್ದು ಇನ್ನೂ ಊದುತ್ತದೆ. ನಿಮ್ಮ ತಂದೆಯವರ ಸಮರಿಯಲ್ಲಿ 'ಸ್ವಲ್ಪ ಹಿಗ್ಗಿದೆ' ಅಂತ ಇದೆಯಲ್ಲ, ಆ ಎರಡು ಅಕ್ಷರದ 'ಸ್ವಲ್ಪ'ಕ್ಕಾಗಿ ಆ ತಂಡ ಸಲೈನ್‌ನಲ್ಲಿ ಕೈ ಬಿಗಿಹಿಡಿದಿದೆ, ವೆಂಟಿಲೇಟರ್‌ನ ಒತ್ತಡವನ್ನು ಮೊದಲ ಹತ್ತು ನಿಮಿಷ ಕಡಿಮೆ ಇಟ್ಟಿದೆ. ಎರಡೂ ಚಾರ್ಟ್‌ನಲ್ಲಿ ಕಾಣುತ್ತವೆ.

ಇನ್ನು ಎಡಗಡೆಯ ಕೋಣೆ, ನಿಮ್ಮ 'ಇಎಫ್ 60' ಪ್ರಶ್ನೆ. ಇಎಫ್ ಅಂದರೆ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಯಿತು ಅನ್ನುವ ಲೆಕ್ಕ. ಪಾಲಿನ ಲೆಕ್ಕ, ಪ್ರಮಾಣದ್ದಲ್ಲ. ತುಂಬಿದ ಕೊಡದ ಅರವತ್ತು ಪಾಲು ಬೇರೆ, ತಳದಲ್ಲಿರುವ ನೀರಿನ ಅರವತ್ತು ಪಾಲು ಬೇರೆ. ಎರಡು ತಿಂಗಳ ಹಿಂದೆ ಆರೋಗ್ಯವಾಗಿ ನಡೆದುಕೊಂಡು ಹೋಗಿ ಮಾಡಿಸಿದ ಎಕೋ ಆ ದಿನದ ಹೃದಯದ್ದು. ಸೋಂಕು ರಕ್ತಕ್ಕೆ ಏರಿದಾಗ ಒಂದೇ ದಿನದಲ್ಲಿ ಸ್ನಾಯು ಸೋತು ಹಿಂಡುವ ಬಲ ಅರ್ಧಕ್ಕೆ ಇಳಿಯುವುದುಂಟು. ಅದಕ್ಕೆ ವಿರುದ್ಧವಾದದ್ದೂ ಉಂಟು, ನಿಮ್ಮ ತಂದೆಯವರಿಗೆ ಆದದ್ದು ಅದೇ: ಕೋಣೆ ಚಿಕ್ಕದು, ಎರಡು ಗೋಡೆ ಒಂದನ್ನೊಂದು ಮುಟ್ಟುವಷ್ಟು ಜೋರಾಗಿ ಹಿಂಡುತ್ತಿದೆ. ಕಾಗದದ ಮೇಲೆ ಇಎಫ್ 70 ಬರಬಹುದು, ನೋಡಿದವರು ಭೇಷ್ ಅನ್ನಬಹುದು. ನಿಜದಲ್ಲಿ ಕೋಣೆ ಅರೆ ಖಾಲಿ, ನಾಳಗಳು ಸಡಿಲ, ಹೃದಯ ಸಿಕ್ಕಿದ್ದನ್ನು ಒದ್ದು ಹೊರಹಾಕುತ್ತಾ ಬಿಪಿ ಎತ್ತಿಹಿಡಿದಿದೆ. ಅಂಥವರಿಗೆ ನಿದ್ರೆ ಮದ್ದು ಕೊಟ್ಟ ಮರುಕ್ಷಣ ಬಿಪಿ ಜಾರುತ್ತದೆ. ಐಸಿಯುನಲ್ಲಿ ನನ್ನನ್ನು ಅತಿ ಹೆಚ್ಚು ಸಲ ಮೋಸಗೊಳಿಸಿದ ಪದ ಯಾವುದು ಅಂತ ಕೇಳಿದರೆ 'ನಾರ್ಮಲ್ ಇಎಫ್' ಅನ್ನುತ್ತೇನೆ.

ಇದೇ ಜಾತಿಯ ಇನ್ನೊಂದು ಬಲೆ ಇದೆ. ಬಹುಕಾಲದ ಬಿಪಿ ಕಾಯಿಲೆಯಿಂದ ಎಡ ಕೋಣೆಯ ಗೋಡೆ ದಪ್ಪಗಾದವರಲ್ಲಿ, ಕೋಣೆ ಖಾಲಿಯಾಗಿ ಜೋರಾಗಿ ಹಿಂಡತೊಡಗಿದರೆ ರಕ್ತ ಹೊರಹೋಗುವ ದಾರಿಯೇ ಇಕ್ಕಟ್ಟಾಗಿ, ಪಕ್ಕದ ಕವಾಟದ ಎಲೆ ಆ ದಾರಿಗೆ ಎಳೆದುಕೊಂಡು ಅಡ್ಡ ಬರುತ್ತದೆ. ಬಿಪಿ ಬಿತ್ತು ಅಂತ ಅಡ್ರಿನಲಿನ್ ಕೊಟ್ಟರೆ ಹೃದಯ ಇನ್ನೂ ಜೋರಾಗಿ ಹಿಂಡುತ್ತದೆ, ದಾರಿ ಇನ್ನೂ ಮುಚ್ಚುತ್ತದೆ, ಬಿಪಿ ಇನ್ನೂ ಬೀಳುತ್ತದೆ. ಇವರಿಗೆ ಬೇಕಾದದ್ದು ಸಲೈನ್, ನಿಧಾನವಾದ ನಾಡಿ, ನಾಳ ಬಿಗಿಸುವ ಮದ್ದು. ದಣಿದು ಹಿಗ್ಗಿದ ಹೃದಯಕ್ಕೆ ಕೊಡುವ ಚಿಕಿತ್ಸೆಗೆ ಬಹುಪಾಲು ಉಲ್ಟಾ. ಮಾನಿಟರ್‌ನಲ್ಲಿ ಇಬ್ಬರ ಬಿಪಿಯೂ 80. ಪ್ರೋಬ್ ಇಡದೆ ಇವರಿಬ್ಬರನ್ನು ಬೇರೆ ಮಾಡುವ ದಾರಿ ನನಗೆ ಕಂಡಿಲ್ಲ.

ಕವಾಟಗಳ ಬಗ್ಗೆ ಹೆಚ್ಚು ಎಳೆಯುವುದಿಲ್ಲ. ಮಹಾಪಧಮನಿಯ ಕವಾಟ ಸುಣ್ಣಗಟ್ಟಿ ಅಲ್ಲಾಡದಂತಿದ್ದರೆ ನಾಳ ಸಡಿಲವಾಗಲು ಬಿಡಬಾರದು, ಎಡಗಡೆಯ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಮಿಟ್ರಲ್ ಕವಾಟ ಇಕ್ಕಟ್ಟಾಗಿದ್ದರೆ ನಾಡಿ ಓಡಲು ಬಿಡಬಾರದು. ಮುಂಚೆ ಗೊತ್ತಿದ್ದರೆ ಮದ್ದು ಆರಿಸುವಾಗ ಕೈ ತಡೆಯುತ್ತದೆ.

ಹೊಟ್ಟೆಯಿಂದ ಹೃದಯಕ್ಕೆ ಬರುವ ಆ ದೊಡ್ಡ ಅಭಿಧಮನಿಯ ಬಗ್ಗೆ ಒಂದು ಗೊಣಗಾಟ. ಅದು 2.1 ಸೆಂಟಿಮೀಟರ್‌ಗಿಂತ ಸಪೂರವಾಗಿದ್ದು ಮೂಗಿನಿಂದ ಉಸಿರೆಳೆದಾಗ ಅರ್ಧಕ್ಕಿಂತ ಹೆಚ್ಚು ಕುಗ್ಗಿದರೆ ಬಲ ಹೃದಯದೊಳಗಿನ ಒತ್ತಡ ಕಡಿಮೆ ಎಂದು ಲೆಕ್ಕ. ಎಕೋ ಕೋಣೆಯಲ್ಲಿ ಸಮಾಧಾನವಾಗಿ ಮಲಗಿದವರಿಗೆ ಮಾಡಿದ ಲೆಕ್ಕ ಅದು. ಏದುಸಿರಿನಲ್ಲಿ ಇರುವವರ ಎದೆ ಎಷ್ಟು ಜೋರಾಗಿ ಎಳೆಯುತ್ತದೆಂದರೆ ತುಂಬಿದ ನಾಳವೂ ಕುಗ್ಗಬಹುದು. ಅದೊಂದನ್ನೇ ನೋಡಿ 'ನೀರು ಕಡಿಮೆ' ಎಂದು ಲೀಟರ್‌ಗಟ್ಟಲೆ ಸುರಿದವರನ್ನು ನೋಡಿದ್ದೇನೆ. ಎಲ್ಲರಿಗೂ ಕಣ್ಣುಮುಚ್ಚಿ ಸಲೈನ್ ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆ. 2022ರಲ್ಲಿ ಪ್ರಕಟವಾದ ಪ್ರಿಪೇರ್-2 ಪ್ರಯೋಗದಲ್ಲಿ ಟ್ಯೂಬ್ ಹಾಕುವ ಹೊತ್ತಿಗೆ 500 ಮಿಲಿಲೀಟರ್ ಕೊಟ್ಟವರಲ್ಲಿ ಶೇ 21.0 ಮಂದಿಗೆ ರಕ್ತಪರಿಚಲನೆ ಕುಸಿಯಿತು, ಕೊಡದವರಲ್ಲಿ ಶೇ 18.2. ಲಾಭ ಇಲ್ಲ. ಯಾರಿಗೆ ಬೇಕು ಯಾರಿಗೆ ಬೇಡ ಎಂದು ನೋಡಿ ಕೊಡಬೇಕೆಂಬ ನನ್ನ ನಂಬಿಕೆಗೆ ಇದೂ ಒಂದು ಕಾರಣ.

ಹೃದಯ ನೋಡಿ ಮುಗಿದ ಮೇಲೆ ಅದೇ ಪ್ರೋಬನ್ನು ಎರಡೂ ಪಕ್ಕೆಗೆ ಅರ್ಧರ್ಧ ನಿಮಿಷ ಇಡುತ್ತೇವೆ. ಶ್ವಾಸಕೋಶದ ಹೊರಪದರ ಎದೆಗೋಡೆಯ ಒಳಗೆ ಜಾರುವುದು ಮಿನುಗುವ ಗೆರೆಯಂತೆ ಕಾಣುತ್ತದೆ. ಆ ಮಿನುಗು ಇಲ್ಲದ ಕಡೆ ಗಾಳಿ ಸೋರಿ ಎದೆಗೂಡಿನಲ್ಲಿ ಸೇರಿಕೊಂಡಿರಬಹುದು. ಅದು ಗೊತ್ತಿಲ್ಲದೆ ವೆಂಟಿಲೇಟರ್‌ನಿಂದ ಗಾಳಿ ತಳ್ಳಿದರೆ ಕೆಲವೇ ನಿಮಿಷದಲ್ಲಿ ಹೃದಯ ಒತ್ತಿಹೋಗುತ್ತದೆ. ನೀವು ನೋಡಿದಾಗ ಡಾಕ್ಟರು ಪಕ್ಕೆಗೂ ಪ್ರೋಬ್ ಹಿಡಿದಿದ್ದರೆ ಅದು ಇದಕ್ಕೇ.

ಇಷ್ಟು ನೋಡಿ ಬದಲಾಗುವುದೇನು? ಮುಖ್ಯವಾಗಿ ಕೆಲಸಗಳ ಕ್ರಮ. ಹಳೆಯ ಪದ್ಧತಿಯಲ್ಲಿ ಮೊದಲು ಟ್ಯೂಬ್, ಬಿಪಿ ಬಿದ್ದರೆ ಆಮೇಲೆ ಓಡಾಟ. ಬಿದ್ದ ಮೇಲೆ ನಾರ್‌ಅಡ್ರಿನಲಿನ್ ಕಲಸಿ, ಪಂಪ್‌ಗೆ ಹಾಕಿ, ಅದು ನಳಿಕೆಯುದ್ದಕ್ಕೂ ಹರಿದು ಮೈಗೆ ಸೇರುವಷ್ಟರಲ್ಲಿ ಐದು ನಿಮಿಷ ಹೋಗಿರುತ್ತದೆ. ನಿಮ್ಮ ತಂದೆಯವರ ಚಾರ್ಟ್‌ನಲ್ಲಿ ನಿದ್ರೆ ಮದ್ದಿಗಿಂತ ಆರು ನಿಮಿಷ ಮುಂಚೆಯೇ ಅದು ಹರಿಯುತ್ತಿದೆ. ನಿದ್ರೆ ಮದ್ದನ್ನು ತೂಕದ ಲೆಕ್ಕಕ್ಕಿಂತ ಸುಮಾರು ಅರ್ಧಕ್ಕೆ ಇಳಿಸಿದ್ದಾರೆ. ಸ್ನಾಯು ಸಡಿಲಿಸುವ ಮದ್ದನ್ನು ಮಾತ್ರ ಇಳಿಸಿಲ್ಲ. ಅದೂ ಸರಿಯೇ, ರಕ್ತ ನಿಧಾನವಾಗಿ ಹರಿಯುವವರಲ್ಲಿ ಆ ಮದ್ದು ಕೆಲಸ ಶುರುಮಾಡಲು ತಡ ಮಾಡುತ್ತದೆ, ಅದನ್ನೂ ಕಡಿಮೆ ಕೊಟ್ಟರೆ ಅರೆಬರೆ ಸಡಿಲವಾದ ಗಂಟಲಿನಲ್ಲಿ ತಡಕಾಡಬೇಕಾಗುತ್ತದೆ. ನಿದ್ರೆ ಮದ್ದುಗಳಲ್ಲಿ ಪ್ರೊಪೊಫಾಲ್ ಬಿಟ್ಟು ಕೆಟಮಿನ್ ಆರಿಸಿದ್ದಾರೆ. ಕೆಟಮಿನ್ ಬಿಪಿ ಎತ್ತುತ್ತದೆ ಎಂಬ ಮಾತು ನಮ್ಮಲ್ಲಿ ಜನಪ್ರಿಯ, ಆದರೆ ಅಡ್ರಿನಲಿನ್ ಖರ್ಚಾಗಿ ಹೋದ ಮೈಯಲ್ಲಿ ಅದೂ ಬಿಪಿ ಇಳಿಸುತ್ತದೆ. ನಿರಪಾಯಕಾರಿ ನಿದ್ರೆ ಮದ್ದು ಅಂತ ಯಾವುದೂ ಇಲ್ಲ.

ಅದಕ್ಕೂ ಮುಂಚೆ ಬಿಗಿ ಮಾಸ್ಕ್‌ನಲ್ಲಿ ಒತ್ತಡದ ಆಮ್ಲಜನಕ ಕೊಟ್ಟಿದ್ದಾರೆ. ಪ್ರಿಆಕ್ಸಿ ಎಂಬ ಪ್ರಯೋಗ 2024ರಲ್ಲಿ 1301 ಮಂದಿಯಲ್ಲಿ ಇದನ್ನು ನೋಡಿತು: ಸಾಮಾನ್ಯ ಆಮ್ಲಜನಕ ಮಾಸ್ಕ್ ಹಾಕಿದವರಲ್ಲಿ ಶೇ 18.5 ಮಂದಿಗೆ ಆಮ್ಲಜನಕ ಅಪಾಯದ ಮಟ್ಟಕ್ಕೆ ಬಿದ್ದರೆ, ಇದರಲ್ಲಿ ಶೇ 9.1. ಹಿಗ್ಗಿದ ಬಲ ಕೋಣೆ ಇರುವವರಿಗೆ ಇದರ ಬೆಲೆ ಇನ್ನೂ ಹೆಚ್ಚು, ಯಾಕೆಂದರೆ ಆಮ್ಲಜನಕ ಬಿದ್ದಷ್ಟೂ ಶ್ವಾಸಕೋಶದ ನಾಳ ಬಿಗಿಯುತ್ತದೆ.

ಇಷ್ಟಾದರೂ ಬಿಪಿ 70ಕ್ಕೆ ಇಳಿಯಿತಲ್ಲ ಅಂತ ಕೇಳಿದಿರಿ. ಇಳಿಯಿತು. ಸ್ಕ್ಯಾನ್‌ನಲ್ಲಿ ಹೃದಯ ಕಾಣುತ್ತದೆ, ನಾಳಗಳ ಸಡಿಲ ಕಾಣುವುದಿಲ್ಲ. ಸೋಂಕು ಇರುವವರಲ್ಲಿ ಅರ್ಧ ಕಥೆ ಅಲ್ಲಿರುತ್ತದೆ. ಬಿಪಿ ಒಂದಿಷ್ಟೂ ಅಲ್ಲಾಡದ ಹಾಗೆ ಮಾಡುತ್ತೇವೆ ಎಂದು ಯಾರೂ ಮಾತು ಕೊಡಲಾರರು. ಆದರೆ ಚಾರ್ಟ್ ನೋಡಿ: 2:14ಕ್ಕೆ 70, ನಾರ್‌ಅಡ್ರಿನಲಿನ್ ಪಂಪ್‌ನ ವೇಗ ಅದೇ ನಿಮಿಷದಲ್ಲಿ ಏರಿದೆ, 2:18ಕ್ಕೆ 110. ನಾಲ್ಕು ನಿಮಿಷ. ಪಂಪ್ ಮೊದಲೇ ಓಡುತ್ತಿದ್ದದ್ದರಿಂದ ಬಟನ್ ಒತ್ತಿದರೆ ಸಾಕಾಯಿತು. ನನ್ನ ಹಳೆಯ ರೋಗಿಗೆ ಆ ನಾಲ್ಕು ನಿಮಿಷ ಸಿಗಲಿಲ್ಲ.

ಈ ಸ್ಕ್ಯಾನನ್ನು ಹೊಗಳುತ್ತಾ ಹೋದರೆ ಅರ್ಧ ಸುಳ್ಳಾಗುತ್ತದೆ. ದಪ್ಪ ಮೈ, ಊದಿದ ಶ್ವಾಸಕೋಶ, ಎದೆಯ ಮೇಲಿನ ಬ್ಯಾಂಡೇಜ್ ಇದ್ದರೆ ಎಷ್ಟು ಒತ್ತಿದರೂ ಬೂದು ಮಂಜು ಬಿಟ್ಟು ಏನೂ ಕಾಣುವುದಿಲ್ಲ. ಓರೆಯಾಗಿ ಕತ್ತರಿಸಿದ ನೋಟದಲ್ಲಿ ಸಾಮಾನ್ಯ ಬಲ ಕೋಣೆಯೂ ದೊಡ್ಡದಾಗಿ ಕಾಣುತ್ತದೆ. ಹೃದಯದ ಮುಂಭಾಗದ ಕೊಬ್ಬನ್ನು ನೀರೆಂದು ತಿಳಿದು ಸೂಜಿ ಹಾಕಹೊರಟವರೂ ಇದ್ದಾರೆ. ಕಲಿತ ಕೈ ಬೇಕು, ಅದಕ್ಕಿಂತ ಹೆಚ್ಚಾಗಿ ಕಾಣದಿದ್ದರೆ ಕಾಣಲಿಲ್ಲ ಎನ್ನುವ ಪ್ರಾಮಾಣಿಕತೆ ಬೇಕು. ಮೂರು ನಿಮಿಷದಲ್ಲಿ ಸಿಗದ ನೋಟ ಹತ್ತು ನಿಮಿಷದಲ್ಲೂ ಸಿಗುವುದಿಲ್ಲ. ನೋಟ ಚಂದ ಬರಲಿ ಎಂದು ಕಾಯುತ್ತಾ ಆಮ್ಲಜನಕ ಬೀಳಲು ಬಿಟ್ಟರೆ ನೀವು ಬಾಗಿಲು ಬಡಿಯುವುದೇ ಸರಿ. ಉಸಿರೇ ನಿಂತವರಿಗೆ, ನೀಲಿಗಟ್ಟುತ್ತಿರುವವರಿಗೆ, ಗಂಟಲು ಮುಚ್ಚಿಕೊಳ್ಳುತ್ತಿರುವವರಿಗೆ ಸ್ಕ್ಯಾನ್‌ನ ಮಾತಿಲ್ಲ, ಗಾಳಿದಾರಿ ಮೊದಲು. ಎಲ್ಲರಿಗೂ ಮಾಡುತ್ತಾರೆಯೇ ಎಂದರೆ ಇಲ್ಲ, ಎಲ್ಲ ಕಡೆಯೂ ಇದು ರೂಢಿಯಾಗಿಲ್ಲ. ನಾಡಿಯ ಸಂಖ್ಯೆ ಬಿಪಿಯ ಮೇಲಿನ ಸಂಖ್ಯೆಯ ಹತ್ತಿರ ಬಂದಿದ್ದರೆ, ಹಳೆಯ ಹೃದಯದ ಅಥವಾ ಶ್ವಾಸಕೋಶದ ಕಾಯಿಲೆ ಇದ್ದರೆ, ಉಸಿರಾಟದ ತೊಂದರೆಗೆ ಕಾರಣ ಗೊತ್ತಾಗದಿದ್ದರೆ, ನಾನಂತೂ ಪ್ರೋಬ್ ಇಡದೆ ಮದ್ದು ಕೊಡುವುದಿಲ್ಲ.

ಅಂದ ಹಾಗೆ, ಈ ಕೆಲಸದ ಹುಟ್ಟೂ ಸ್ವಾರಸ್ಯದ್ದೇ. 1953ರಲ್ಲಿ ಸ್ವೀಡನ್‌ನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ಹೃದಯ ವೈದ್ಯರೂ ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಸೇರಿ ಮೊದಲ ಸಲ ಬಡಿಯುವ ಹೃದಯದಿಂದ ಪ್ರತಿಧ್ವನಿ ಹಿಡಿದದ್ದು, ಲೋಹದಲ್ಲಿ ಬಿರುಕು ಹುಡುಕುವ ಯಂತ್ರದಿಂದ. ಬಿರುಕು ಎಲ್ಲಿದೆ ಅಂತ ಹೊರೆ ಹೇರುವ ಮೊದಲೇ ನೋಡಿಕೊಳ್ಳುವ ಯಂತ್ರ. ನಾವು ಈಗಲೂ ಮಾಡುತ್ತಿರುವುದು ಅದನ್ನೇ.

ಇನ್ನು ನಿಮ್ಮಿಂದ ಆಗಬೇಕಾದ ಒಂದು ಕೆಲಸ ಉಳಿದಿದೆ. ಸಮರಿಯಲ್ಲಿ ಬಲ ಕೋಣೆ ಸ್ವಲ್ಪ ಹಿಗ್ಗಿದೆ ಎಂದಿರುವುದು ಆ ರಾತ್ರಿಯ ಮಾತು. ನ್ಯುಮೋನಿಯಾದಲ್ಲಿ ಆಮ್ಲಜನಕ ಕಡಿಮೆಯಾಗಿ ಹಾಗಾಗಿದ್ದರೆ ಈಗ ತಾನಾಗಿ ಕುಗ್ಗಿರಬೇಕು. ಎರಡು ತಿಂಗಳ ಹಿಂದಿನ ರಿಪೋರ್ಟ್‌ನಲ್ಲಿ ಬಲಗಡೆಯ ಬಗ್ಗೆ ಒಂದು ಅಕ್ಷರವೂ ಇಲ್ಲ, ಹಾಗಾಗಿ ಅದು ಹೊಸದೋ ಹಳೆಯದೋ ಎಂದು ಕೂತಲ್ಲಿಂದ ಹೇಳುವಂತಿಲ್ಲ. ಮುಂದಿನ ಭೇಟಿಗೆ ಹೋದಾಗ ಸಮಾಧಾನವಾಗಿ ಪೂರ್ತಿ ಎಕೋ ಮಾಡಿಸಿ, ಬಲಗಡೆಯ ಅಳತೆಯನ್ನೂ ಶ್ವಾಸಕೋಶದ ನಾಳದ ಒತ್ತಡವನ್ನೂ ಬರೆದುಕೊಡಿ ಎಂದು ಕೇಳಿ. ಐಸಿಯುನ ಆ ಒಂದೂವರೆ ಸಾಲಿನ ಪುಟವನ್ನೂ ತೋರಿಸಿ. ಆ ದಿನದೊಳಗೆ ಅಪ್ಪನಿಗೆ ಕಾಲು ಊದಿದರೆ, ಮೆಟ್ಟಿಲು ಹತ್ತುವಾಗ ಮೊದಲಿಗಿಂತ ಹೆಚ್ಚು ಏದುಸಿರು ಬಂದರೆ, ಭೇಟಿಯ ದಿನಕ್ಕೆ ಕಾಯದೆ ಕರೆದುಕೊಂಡು ಹೋಗಿ.